ಬ್ರಾನಿಮಿರ್ (ಕ್ರೊಯೇಷಿಯದ ಪ್ರಭು, ಆಳ್ವಿಕೆ 879–ಸು. 892)

ಬ್ರಾನಿಮಿರ್: ಕ್ರಿ.ಶ. 9ನೆಯ ಶತಮಾನದ ಕೊನೆಯ ಪಾದದಲ್ಲಿ ಏಡ್ರಿಯಾಟಿಕ್ ಸಮುದ್ರದ ಪೂರ್ವತೀರದ ನಾಡನ್ನು ಆಳಿದ ಕ್ರೊಯೇಷಿಯದ ಪ್ರಭು. 879ರಲ್ಲಿ ತನ್ನ ಹಿಂದಿನ ಅರಸನಾದ ಜ್ದೆಸ್ಲಾವನನ್ನು ಕೊಂದು ಅಧಿಕಾರವನ್ನು ಹಿಡಿದ ಈತನು, ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿಯ ಆಶ್ರಯಕ್ಕೆ ಒಳಗಾಗಿದ್ದ ತನ್ನ ನಾಡನ್ನು ಆ ಕಡೆಯಿಂದ ಬಿಡಿಸಿ ರೋಮಿನ ಪೋಪನ ಕಡೆಗೆ ತಿರುಗಿಸಿದನು. ಅವನ ಆಳ್ವಿಕೆ ಹದಿಮೂರು ವರ್ಷಗಳಷ್ಟು ನಡೆದುದಾದರೂ, ಅವನನ್ನು ಕುರಿತ ಸಮಕಾಲೀನ ಸಾಮಗ್ರಿಯೆಂದರೆ ಪೋಪನ ಕೆಲವು ಓಲೆಗಳು, ಒಂದು ಹಳೆಯ ಶುಭಸಂದೇಶ ಗ್ರಂಥದ ಅಂಚಿನಲ್ಲಿ ಬರೆದ ಹೆಸರು, ಇಗರ್ಜಿಗಳ ಅವಶೇಷಗಳಲ್ಲಿ ದೊರೆತ ಬೆರಳೆಣಿಕೆಯ ಶಿಲಾಶಾಸನಗಳು, ಇಷ್ಟೇ. ಆದರೂ ಕ್ರೊಯೇಷಿಯದ ಆದಿಮಧ್ಯಯುಗದ ಅರಸರಲ್ಲಿ ಇಷ್ಟು ಶಿಲೆಗಳ ಮೇಲೆ ಹೆಸರನ್ನು ಉಳಿಸಿಹೋದವನು ಮತ್ತೊಬ್ಬನಿಲ್ಲ. ಆ ಜನಾಂಗದ ಹೆಸರನ್ನು ಅರಸನ ಬಿರುದಿನೊಡನೆ ಹೊತ್ತು ಮೂಲರೂಪದಲ್ಲಿಯೇ ಉಳಿದುಬಂದಿರುವ ಅತ್ಯಂತ ಪ್ರಾಚೀನ ಶಾಸನವೂ ಇವನದೇ ಆಗಿದೆ.

ಕ್ರೊಯೇಷಿಯದವರು ತಮ್ಮನ್ನು ಹೃವಾತಿ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ಸ್ವರದಂತೆ ನಡೆಯುವ ರೇಫವೊಂದುಂಟು. ತೃಪಿಮಿರ್, ಕೃಕ್ ಮೊದಲಾದ ಹೆಸರುಗಳನ್ನು ಅನ್ಯ ಲಿಪಿಗಳಲ್ಲಿ ಬರೆಯುವವರು ತಡವರಿಸುವ ಕಡೆಯಲ್ಲಿ ನಮ್ಮ ಋಕಾರವು ಅನಾಯಾಸವಾಗಿ ಒದಗಿಬರುತ್ತದೆ. ಬ್ರಾನಿಮಿರ್ ಎಂಬ ಹೆಸರಾದರೋ ಎರಡು ಸ್ಲಾವ್ ಪದಗಳ ಸಮಾಸ: ಮೊದಲನೆಯದು ಕಾಪಾಡುವುದನ್ನೂ ಎರಡನೆಯದು ಶಾಂತಿಯನ್ನೂ ಸೂಚಿಸುತ್ತದೆ. ಅರಸನನ್ನು ದೇಶಭಾಷೆಯಲ್ಲಿ ಕ್ನೇಜ್ ಎಂದೂ, ಲ್ಯಾಟಿನ್ ಬರಹಗಳಲ್ಲಿ ದುಕ್ಸ್ ಅಥವಾ ಕೋಮೆಸ್ ಎಂದೂ ಹೇಳುತ್ತಿದ್ದರು. ರಾಜ ಎಂಬ ಬಿರುದು ಆ ನಾಡಿಗೆ ಬಂದುದು ಮುಂದಿನ ಶತಮಾನದಲ್ಲಿ.

ಬ್ರಾನಿಮಿರನು ಆಳಿದ ನಾಡಿನ ಸ್ಥಿತಿಯನ್ನು ಅರಿಯದೆ ಅವನು ಮಾಡಿದ ಕಾರ್ಯದ ಮಹತ್ವವನ್ನು ತಿಳಿಯುವುದು ಕಷ್ಟ. ದಿನಾರಾ ಪರ್ವತಶ್ರೇಣಿಗೂ ಸಮುದ್ರಕ್ಕೂ ನಡುವೆ ಹರಡಿಕೊಂಡಿರುವ ಡಾಲ್ಮೇಷಿಯವು ರೋಮನ್ ಸಾಮ್ರಾಜ್ಯದ ಹಳೆಯ ಪ್ರಾಂತ. ಸ್ಲಾವ್ ಜನರು ಬಂದು ನೆಲೆಸಿದ ಮೇಲೆ ಒಳನಾಡು ಅವರ ವಶವಾಯಿತು; ಕರಾವಳಿಯ ಜಾದರ್, ತ್ರೊಗಿರ್, ಸ್ಪ್ಲಿತ್ ಎಂಬ ಪಟ್ಟಣಗಳೂ ಕೃಕ್, ರಾಬ್, ಒಸೊರ್ ಎಂಬ ದ್ವೀಪದ ನೆಲೆಗಳೂ ಮಾತ್ರ ಲ್ಯಾಟಿನ್ ನುಡಿಯುವ ಹಳೆಯ ಪ್ರಜೆಗಳ ಕೈಯಲ್ಲಿಯೇ ಉಳಿದುವು. 812ರಲ್ಲಿ ಫ್ರಾಂಕ್ ಚಕ್ರವರ್ತಿಯಾದ ಶಾರ್ಲ್‌ಮೇನನಿಗೂ ಕಾನ್‌ಸ್ಟಾಂಟಿನೋಪಲಿನಿಂದ ಆಳುತ್ತಿದ್ದ ಬೈಜಾಂಟಿಯಮ್ಮಿನ ಚಕ್ರವರ್ತಿಗೂ ಆಖೆನ್ ನಗರದಲ್ಲಿ ಒಪ್ಪಂದವಾದಾಗ ಈ ಪಟ್ಟಣಗಳೂ ದ್ವೀಪಗಳೂ ಬೈಜಾಂಟಿಯಮ್ಮಿಗೆ ಸಂದುವು. ಒಳನಾಡು ಫ್ರಾಂಕರ ಅಧೀನಕ್ಕೆ ಬಂದಿತು. ಹೀಗೆ ಒಂದು ದಿನದ ನಡಿಗೆಯೊಳಗೆ ಎರಡು ಸಾಮ್ರಾಜ್ಯಗಳ ಎಲ್ಲೆಗಳನ್ನು ದಾಟಬಹುದಾಗಿದ್ದ ಸಂಕೀರ್ಣವಾದ ನಾಡು ಅದು. ಬೆಟ್ಟದ ಮೇಲಿನ ಕ್ಲಿಸ್ ಕೋಟೆಯಲ್ಲಿ ನಿಂತರೆ ಕೆಳಗೆ ಸ್ಪ್ಲಿತ್ ಪಟ್ಟಣವೂ, ಅದರಾಚೆಗೆ ಸಮುದ್ರವೂ ಕಾಣುತ್ತವೆ. ಕೋಟೆ ಕ್ರೊಯೇಷಿಯದ ಪ್ರಭುವಿನದು, ಪಟ್ಟಣ ಕಾನ್‌ಸ್ಟಾಂಟಿನೋಪಲಿನದು, ಆ ಪಟ್ಟಣದ ಧರ್ಮಾಧ್ಯಕ್ಷನು ದೀಕ್ಷೆಗಾಗಿ ನೋಡತಕ್ಕದ್ದು ರೋಮಿನ ಕಡೆಗೆ.

ಈ ಪಟ್ಟಣಗಳಿಗೂ ಅವುಗಳ ಬೆನ್ನಿಗಿದ್ದ ಸ್ಲಾವ್ ಒಡೆಯರಿಗೂ ನಡುವೆ ಇದ್ದ ಸಂಬಂಧವನ್ನು ಒಂದು ಲೆಕ್ಕವು ಚೆನ್ನಾಗಿ ತೋರಿಸಿಕೊಡುತ್ತದೆ. ಪಟ್ಟಣದವರ ಹೊಲಗಳೂ ದ್ರಾಕ್ಷಿ ತೋಟಗಳೂ ಗೋಡೆಯ ಹೊರಗೆ ಇದ್ದುವು. ಅಲ್ಲಿ ಉಳುವುದಕ್ಕೆ ಸ್ಲಾವರ ಅನುಮತಿ ಬೇಕಾಗಿತ್ತು. ಆದಕಾರಣ ಚಕ್ರವರ್ತಿ 1ನೆಯ ಬೆಸಿಲನು (ಆಳ್ವಿಕೆ 867–886), ಅದುವರೆಗೆ ತನ್ನ ಅಧಿಕಾರಿಗೆ ಸಲ್ಲುತ್ತಿದ್ದ ಕಂದಾಯದ ಬಹುಭಾಗವನ್ನು ಸ್ಲಾವರಿಗೇ ಕೊಟ್ಟು ನೆಮ್ಮದಿಯಾಗಿ ಬಾಳಬೇಕೆಂದು ಪಟ್ಟಣಗಳಿಗೆ ಆಜ್ಞಾಪಿಸಿದನು. ಅವನ ಮೊಮ್ಮಗನಾದ 7ನೆಯ ಕಾನ್‌ಸ್ಟಂಟೈನನು ಬರೆದಿಟ್ಟ ಲೆಕ್ಕದ ಪ್ರಕಾರ ಸ್ಪ್ಲಿತ್ 200 ಚಿನ್ನದ ನಾಣ್ಯಗಳನ್ನೂ, ಜಾದರ್ 110ನ್ನೂ, ತ್ರೊಗಿರ್, ಒಸೊರ್, ರಾಬ್, ಕೃಕ್‌ಗಳು ತಲಾ 100ನ್ನೂ ತೆರಬೇಕಾಗಿತ್ತು. ಒಟ್ಟು 710 ನಾಣ್ಯಗಳು, ಅದರ ಮೇಲೆ ದ್ರಾಕ್ಷಾರಸವೇ ಮೊದಲಾದ ಪದಾರ್ಥಗಳು. ಕಾಣಿಕೆಯ ಮೊತ್ತ ದೊಡ್ಡದಲ್ಲ. ಆದರೆ ಅಲ್ಲಿ ನಿಜವಾದ ಬಲ ಯಾರ ಕೈಯಲ್ಲಿತ್ತೆಂಬುದನ್ನು ಚಕ್ರವರ್ತಿಯೇ ಒಪ್ಪಿಕೊಂಡಂತಾಯಿತು.

ಬ್ರಾನಿಮಿರನಿಗೆ ಮುಂಚೆ ಈ ನಾಡನ್ನು ಆಳಿದವರಲ್ಲಿ ತೃಪಿಮಿರನು ಪ್ರಸಿದ್ಧನು. 852ರ ಮಾರ್ಚ್ 4ರಂದು ಬಿಯಾಚಿ ಎಂಬಲ್ಲಿ ಅವನು ಸ್ಪ್ಲಿತ್‌ನ ಧರ್ಮಪೀಠಕ್ಕೆ ಕೊಟ್ಟ ದಾನಪತ್ರದಲ್ಲಿ ಕ್ರೊಯೇಷಿಯದವರ ದುಕ್ಸ್ ಎಂಬ ಬಿರುದು ಕಾಣಬರುತ್ತದೆ. ಆದರೆ ಆ ಪತ್ರ ಬಹುಕಾಲದ ಅನಂತರದ ಪ್ರತಿಗಳಲ್ಲಿ ಮಾತ್ರ ಉಳಿದಿದೆ. ತೃಪಿಮಿರನ ಅನಂತರ, 864ರ ಸುಮಾರಿನಲ್ಲಿ, ಬೇರೊಂದು ಮನೆತನದ ದೊಮಗೊಯ್ ಎಂಬವನು ಅಧಿಕಾರಕ್ಕೆ ಬಂದನು. ಸಮುದ್ರದ ಮೇಲೆ ಬಲಶಾಲಿಯಾಗಿದ್ದ ಅವನನ್ನು ವೆನಿಸಿನ ಚರಿತ್ರಕಾರನು ಸ್ಲಾವರ ಅತಿ ದುಷ್ಟ ನಾಯಕನೆಂದು ಹಳಿದಿರುವುದನ್ನು ನೋಡಿದರೆ, ಅವನ ಹಡಗುಗಳು ವೆನಿಸಿನ ವರ್ತಕರಿಗೆ ಎಷ್ಟು ಭಯವನ್ನುಂಟುಮಾಡಿದ್ದುವೆಂಬುದನ್ನು ಊಹಿಸಬಹುದು. 871ರಲ್ಲಿ ಚಕ್ರವರ್ತಿ 2ನೆಯ ಲೂಯಿ ಅರಬರ ಕೈಯಿಂದ ಬಾರಿ ನಗರವನ್ನು ಬಿಡಿಸಿದಾಗ ಸ್ಲಾವರ ನಾವೆಗಳು ಅವನ ನೆರವಿಗೆ ಹೋಗಿದ್ದುವು. ಅವು ಅತ್ತ ಕಾದುತ್ತಿರುವಾಗಲೇ ಇತ್ತ ಬೈಜಾಂಟಿಯಮ್ಮಿನ ನೌಕಾಧಿಪತಿ ನಿಕೇತಾಸನು ಅವರ ತೀರದ ಕೋಟೆಗಳನ್ನು ಸೂರೆಮಾಡಿ ಜನರನ್ನು ಸೆರೆಹಿಡಿದೊಯ್ದನು. ಮನೆಯ ಗಂಡಸರು ಪರರ ಯುದ್ಧದಲ್ಲಿರುವಾಗ ಮನೆಗೆ ಬಿದ್ದ ಈ ಕೊಳ್ಳೆಯ ನೋವನ್ನು ಆ ಜನ ಬೇಗನೆ ಮರೆತಿರಲಾರರು. ಎಂಟು ವರ್ಷಗಳ ಅನಂತರ ಬ್ರಾನಿಮಿರನು ಕಾನ್‌ಸ್ಟಾಂಟಿನೋಪಲಿಗೆ ಬೆನ್ನು ತಿರುಗಿಸಿದಾಗ ನಾಡು ಅವನ ಜೊತೆಗೆ ನಿಂತುದಕ್ಕೆ ಇದೂ ಒಂದು ಕಾರಣವೆಂದು ತೋರುತ್ತದೆ.

ದೊಮಗೊಯ್ 876ರಲ್ಲಿ ತೀರಿಕೊಂಡನು. ಅವನ ಮಕ್ಕಳ ಕೈಯಲ್ಲಿ ಅಧಿಕಾರ ಎರಡು ವರ್ಷವೂ ಭದ್ರವಾಗಿ ನಿಲ್ಲಲಿಲ್ಲ. 878ರಲ್ಲಿ ತೃಪಿಮಿರನ ವಂಶದ ಜ್ದೆಸ್ಲಾವನು, ಚಕ್ರವರ್ತಿ ಬೆಸಿಲನ ಬೆಂಬಲವನ್ನು ಪಡೆದು ಕಾನ್‌ಸ್ಟಾಂಟಿನೋಪಲಿನಿಂದ ಬಂದು, ದೊಮಗೊಯ್‌ನ ಮಕ್ಕಳನ್ನು ದೇಶಭ್ರಷ್ಟರನ್ನಾಗಿ ಮಾಡಿ ತಾನು ಒಡೆಯನಾದನು. ಒಂದು ವರ್ಷದೊಳಗಾಗಿಯೇ ಅವನ ಕಥೆ ಮುಗಿಯಿತು. ವೆನಿಸಿನ ಯೋಹಾನ ಎಂಬ ಡೀಕನನು (ಪಾದ್ರಿಗಿಂತ ಕೆಳದರ್ಜೆಯ ಧರ್ಮಸೇವಕ) ಸುಮಾರು ನೂರ ಇಪ್ಪತ್ತು ವರ್ಷಗಳ ಅನಂತರ ಬರೆದ ಚರಿತ್ರೆಯಲ್ಲಿ ಈ ಘಟನೆಗೆ ಒಂದೇ ವಾಕ್ಯ ಮೀಸಲಾಗಿದೆ: ಬ್ರಾನಿಮಿರನೆಂಬ ಒಬ್ಬ ಸ್ಲಾವನು ಜ್ದೆಸ್ಲಾವನನ್ನು ಕೊಂದು ಅವನ ಅಧಿಕಾರವನ್ನು ಅಪಹರಿಸಿದನೆಂಬುದೇ ಅದರ ತಾತ್ಪರ್ಯ. ಒಬ್ಬ ಸ್ಲಾವ! ತಂದೆಯ ಹೆಸರಿಲ್ಲ, ಮನೆತನದ ಹೆಸರಿಲ್ಲ. ಅವನು ದೊಮಗೊಯ್‌ನ ಬಂಧುವಾಗಿದ್ದಿರಬಹುದೆಂದು ಕೆಲವು ವಿದ್ವಾಂಸರು ತರ್ಕಿಸಿದ್ದಾರೆ. ತೃಪಿಮಿರನ ವಂಶಕ್ಕೆ ಸೇರಿದವನಲ್ಲವೆಂಬುದರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಹೀಗೆ ವಂಶದ ಬಲವಿಲ್ಲದೆ, ಕೈಗೆ ರಕ್ತವನ್ನು ಹಚ್ಚಿಕೊಂಡು ಮುಂದೆ ಬಂದವನಿಗೆ ತನ್ನ ಅಧಿಕಾರವು ಧರ್ಮ್ಯವೆಂದು ಸಾರುವ ಮತ್ತೊಂದು ಶಕ್ತಿಯ ಆಸರೆ ಅತ್ಯಗತ್ಯವಾಗಿತ್ತು. ಬ್ರಾನಿಮಿರನು ಅದನ್ನು ಅರಸಿದುದು ರೋಮಿನಲ್ಲಿ.

ಆಗ ರೋಮಿನ ಪೀಠದಲ್ಲಿದ್ದವನು 8ನೆಯ ಜಾನ್ (872–882). ಬ್ರಾನಿಮಿರನ ಸಂದೇಶವನ್ನು ಹೊತ್ತು ಯೋಹಾನನೆಂಬ ಪಾದ್ರಿಯೊಬ್ಬನು ಅವನ ಬಳಿಗೆ ಹೋದನು. ತಾನೂ ತನ್ನ ಜನವೂ ಸಂತ ಪೇತ್ರನ ಪೀಠಕ್ಕೂ ಅದರ ಅಧಿಪತಿಗೂ ವಿಧೇಯರಾಗಿ ಹಿಂದಿರುಗಲು ಬಯಸಿರುವೆವೆಂಬುದು ಆ ಸಂದೇಶದ ಸಾರ. ಪೋಪನ ಪ್ರತ್ಯುತ್ತರ 879ರ ಜೂನ್ 7ರ ದಿನಾಂಕವುಳ್ಳದ್ದು. ಬ್ರಾನಿಮಿರನನ್ನು ಪ್ರಿಯ ಪುತ್ರನೆಂದು ಸಂಬೋಧಿಸಿ, ಅವನ ಭಕ್ತಿಯನ್ನು ಮೆಚ್ಚಿ, ಆ ವರ್ಷದ ಸ್ವರ್ಗಾರೋಹಣದ ಹಬ್ಬದಂದು, ಎಂದರೆ ಮೇ 21ರಂದು, ಸಂತ ಪೇತ್ರನ ಬಲಿಪೀಠದ ಮುಂದೆ ಪೂಜೆಯನ್ನು ನಡೆಸುತ್ತಿರುವಾಗ ತಾನು ಕೈಗಳನ್ನು ಮೇಲೆತ್ತಿ ಅವನನ್ನೂ ಅವನ ಸಮಸ್ತ ಜನವನ್ನೂ ನಾಡನ್ನೂ ಹರಸಿದುದಾಗಿ ಪೋಪನು ಅದರಲ್ಲಿ ತಿಳಿಸುತ್ತಾನೆ. ಅದೇ ಸಮಯದಲ್ಲಿ ನಾಡಿನ ಪಾದ್ರಿಗಳಿಗೂ ಜನರಿಗೂ ಒಂದು ಓಲೆ, ಕರಾವಳಿಯ ನಿನ್ ಎಂಬ ಪಟ್ಟಣದ ಪೀಠಕ್ಕೆ ಧರ್ಮಾಧ್ಯಕ್ಷನಾಗಿ ಆಯ್ಕೆಯಾಗಿದ್ದ ಥಿಯೊಡೋಸಿಯಸ್ ಎಂಬ ಡೀಕನನಿಗೆ ಮತ್ತೊಂದು ಓಲೆ ಹೊರಟುವು. ದೀಕ್ಷೆಯನ್ನು ಬೇರೆ ಯಾರಿಂದಲೂ ಪಡೆಯದೆ ರೋಮಿಗೇ ಬರಬೇಕೆಂದು ಥಿಯೊಡೋಸಿಯಸನಿಗೆ ಕಟ್ಟಪ್ಪಣೆ. ಜೂನ್ 10ರಂದು ಡಾಲ್ಮೇಷಿಯದ ಪಟ್ಟಣಗಳ ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ, ಗ್ರೀಕರಿಗಾಗಲಿ ಸ್ಲಾವರಿಗಾಗಲಿ ಹೆದರದೆ ಹಿಂದಿನವರಂತೆ ರೋಮನ್ನು ಆಶ್ರಯಿಸಬೇಕೆಂದು ಪೋಪನು ಉಪದೇಶಿಸಿದನು.

ಈ ಓಲೆಗಳಲ್ಲಿ ಕೊಲೆಯ ಪ್ರಸ್ತಾಪವಿಲ್ಲ. ಇದೇ ಪೋಪನು ಕೆಲವು ವರ್ಷಗಳ ಹಿಂದೆ ದೊಮಗೊಯ್‌ಗೆ ಬರೆದಾಗ, ಒಳಸಂಚು ಮಾಡಿದವರಿಗೆ ಮರಣದಂಡನೆಯನ್ನು ವಿಧಿಸದೆ ದೇಶಾಂತರಕ್ಕೆ ಕಳುಹಿಸೆಂದು ಬುದ್ಧಿ ಹೇಳಿದ್ದನು. ಬಲ್ಗೇರಿಯಕ್ಕೆ ಹೋಗುವ ತನ್ನ ದೂತನಿಗೆ ದಾರಿಯಲ್ಲಿ ರಕ್ಷಣೆ ಕೊಡಬೇಕೆಂದು ಜ್ದೆಸ್ಲಾವನಿಗೂ ಪತ್ರ ಬರೆದಿದ್ದನು. ಆ ಜ್ದೆಸ್ಲಾವನು ಸತ್ತ ಸುದ್ದಿ ರೋಮನ್ನು ತಲುಪಿದಾಗ ದುಃಖದ ಮಾತೊಂದೂ ಹೊರಡದಿದ್ದುದು ಓದುವವರ ಮನಸ್ಸಿಗೆ ತಾಕದೆ ಇರದು. ಪೋಪನ ಸ್ಥಿತಿಯನ್ನಾದರೂ ನಾವು ಎಣಿಸಬೇಕು. ದಕ್ಷಿಣ ಇಟಲಿಯಿಂದ ಅರಬರು ರೋಮಿನ ಸೆರಗಿನವರೆಗೂ ನುಗ್ಗುತ್ತಿದ್ದರು. ಅವರಿಗೆ ಕಪ್ಪ ಕೊಟ್ಟು ನಗರವನ್ನು ಉಳಿಸಿಕೊಳ್ಳಬೇಕಾದ ದುರ್ದೆಸೆ ಅವನದಾಗಿತ್ತು. 864ರ ಸುಮಾರಿನಲ್ಲಿ ದೀಕ್ಷಾಸ್ನಾನ ಪಡೆದ ಬಲ್ಗೇರಿಯದ ಬೋರಿಸನು ಕೆಲಕಾಲ ರೋಮಿನತ್ತ ಒಲಿದು, 870ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಪೀಠಕ್ಕೆ ಸೇರಿಹೋಗಿದ್ದನು. ಆ ನಷ್ಟವನ್ನು ತುಂಬಿಕೊಳ್ಳಲು ಸ್ಲಾವ್ ನಾಡುಗಳಲ್ಲೆಲ್ಲ ಮಿತ್ರರನ್ನು ಹುಡುಕುತ್ತಿದ್ದ ಜಾನನಿಗೆ ಬ್ರಾನಿಮಿರನ ಓಲೆ ಬೇಡಿದ ವರವೇ ಆಯಿತು. ಮರುವರ್ಷ, 880ರ ಜೂನ್ ತಿಂಗಳಲ್ಲಿ, ಮೊರೇವಿಯದ ಪ್ರಭುವಾದ ಸ್ವಾತೊಪ್ಲುಕನಿಗೆ ಪತ್ರ ಬರೆದು ಅಲ್ಲಿನ ಮಹಾಧರ್ಮಾಧ್ಯಕ್ಷನಾದ ಮೆಥೋಡಿಯಸನು ಸ್ಲಾವ್ ಭಾಷೆಯಲ್ಲಿ ಪೂಜೆ ನಡೆಸಲು ಅವನು ಸಮ್ಮತಿಯಿತ್ತುದೂ ಇದೇ ಧೋರಣೆಯ ಫಲ.

ಕ್ರೊಯೇಷಿಯದಲ್ಲಿ ಈ ಜೂನ್ 7ರ ಓಲೆಯನ್ನು ತಮ್ಮ ರಾಜ್ಯಕ್ಕೆ ದೊರೆತ ಪ್ರಥಮ ಅಂತರರಾಷ್ಟ್ರೀಯ ಮನ್ನಣೆಯೆಂದು ಗೌರವಿಸುತ್ತಾರೆ. ಇಂದಿಗೂ ಆ ದಿನ ಅಲ್ಲಿ ರಾಯಭಾರ ದಿನವಾಗಿ ಆಚರಿಸಲ್ಪಡುತ್ತದೆ. ರಾಷ್ಟ್ರವು ರಾಷ್ಟ್ರವನ್ನು ಮನ್ನಿಸುವ ನಮ್ಮ ಕಾಲದ ಪದ್ಧತಿ 9ನೆಯ ಶತಮಾನಕ್ಕೆ ಸಲ್ಲತಕ್ಕದ್ದಲ್ಲ. ಪೋಪನು ಬರೆದುದು ಗುರುವು ಶಿಷ್ಯನಿಗೆ ಬರೆಯುವ ಓಲೆ. ಅದರಲ್ಲಿ ಒಪ್ಪಂದದ ನಿಬಂಧನೆಗಳಾಗಲಿ ಎಲ್ಲೆಗಳ ವಿವರವಾಗಲಿ ಇಲ್ಲ. ಆದರೂ ಆ ಕಾಲದ ಕ್ರೈಸ್ತ ಜಗತ್ತಿನಲ್ಲಿ ಸಂತ ಪೇತ್ರನ ಸಮಾಧಿಯ ಮೇಲೆ ನಿಂತು ಒಬ್ಬ ಪ್ರಭುವನ್ನೂ ಅವನ ನಾಡನ್ನೂ ಹೆಸರಿಟ್ಟು ಹರಸಿದರೆ, ಆ ಪ್ರಭು ಇನ್ನೊಬ್ಬನ ಸಾಮಂತನಾಗಿ ಅಲ್ಲ, ಸ್ವಂತ ಅಧಿಕಾರದಿಂದಲೇ ಆಳತಕ್ಕವನೆಂದು ಎಲ್ಲರೂ ತಿಳಿಯುತ್ತಿದ್ದರು. ಫ್ರಾಂಕ್ ಅರಸರ ಮನೆಯೊಳಗಿನ ಜಗಳಗಳಿಂದ ಅವರ ಹಿಡಿತ ಸಡಿಲಿಹೋಗಿತ್ತು. ಬೈಜಾಂಟಿಯಮ್ಮನ್ನು ಆಶ್ರಯಿಸಿದ್ದ ಜ್ದೆಸ್ಲಾವನು ಇಲ್ಲವಾಗಿದ್ದನು. ಇಂತಹ ತೆರಪಿನಲ್ಲಿ ಬಂದ ಆ ಆಶೀರ್ವಾದವನ್ನು ಮನ್ನಣೆಯೆಂದು ಕರೆದರೆ ಕಾಲದ ಪದವನ್ನು ತಪ್ಪಿಸಿದಂತಾದೀತೇ ಹೊರತು ಅರ್ಥವನ್ನು ತಪ್ಪಿಸಿದಂತಾಗದು.

ಪೋಪನು ತನ್ನ ಕೊನೆಯ ವರ್ಷಗಳಲ್ಲಿ ಬರೆದ ಮತ್ತೊಂದು ಓಲೆಯು ಬ್ರಾನಿಮಿರನನ್ನಲ್ಲದೆ ನಾಡಿನ ಪಾದ್ರಿಗಳನ್ನೂ ಜುಪಾನರನ್ನೂ ಸಮಸ್ತ ಜನರನ್ನೂ ಕೂಡಿಯೇ ಸಂಬೋಧಿಸುತ್ತದೆ. ಜುಪಾನನೆಂದರೆ ಜುಪಾ ಎಂಬ ಸೀಮೆಯ ಒಡೆಯ. ಅರಸನಿಗೆ ಸ್ಥಿರವಾದ ಒಂದೇ ರಾಜಧಾನಿಯಿರಲಿಲ್ಲ. ಕ್ನಿನ್, ಕ್ಲಿಸ್, ಬಿಯಾಚಿ, ನಿನ್ ಮೊದಲಾದ ನೆಲೆಗಳ ನಡುವೆ ಪರಿವಾರದೊಡನೆ ಸಂಚರಿಸುತ್ತ, ಅಲ್ಲಲ್ಲಿಯ ಉತ್ಪತ್ತಿಯನ್ನು ಅಲ್ಲಲ್ಲಿಯೇ ಬಳಸುತ್ತ, ನ್ಯಾಯ ತೀರಿಸುತ್ತ ಆಳುವುದು ಆ ಕಾಲದ ರೂಢಿ. ಜುಪಾನರ ಸಮ್ಮತಿಯಿಲ್ಲದೆ ಹೀಗೆ ಆಳುವುದು ಸಾಧ್ಯವಿರಲಿಲ್ಲವೆಂಬುದನ್ನು ಪೋಪನೂ ಅರಿತಿದ್ದನೆಂದು ಆ ಓಲೆಯ ಸಂಬೋಧನೆಯೇ ಹೇಳುತ್ತದೆ.

ಸಮುದ್ರದ ಮೇಲಿನ ಸ್ಥಿತಿಯೂ ಬ್ರಾನಿಮಿರನಿಗೆ ಅನುಕೂಲವಾಗಿತ್ತು. 887ರ ಏಪ್ರಿಲ್ ತಿಂಗಳಲ್ಲಿ ವೆನಿಸಿನ ಡೋಜ್ (ಅಧಿಪತಿ) ಆಗಿ ಆಯ್ಕೆಯಾದ 1ನೆಯ ಪಿಯೆತ್ರೊ ಕಾಂದಿಯಾನೊ, ನೆರೆತ್ವ ನದಿಯ ಮುಖದ ಸ್ಲಾವರ ಮೇಲೆ ಹಡಗುಗಳನ್ನು ನಡೆಸಿಕೊಂಡು ಹೋಗಿ, ಅದೇ ವರ್ಷದ ಸೆಪ್ಟೆಂಬರ್ 18ರಂದು ಮಕರ್ಸ್ಕಾದ ಬಳಿ ಯುದ್ಧದಲ್ಲಿ ಮಡಿದನು. ನೆರೆತ್ವದವರು ಬ್ರಾನಿಮಿರನ ನೇರವಾದ ಆಳ್ವಿಕೆಗೆ ಒಳಪಟ್ಟವರಲ್ಲ; ಆದರೂ ಡೋಜನೇ ಬಿದ್ದ ಆ ಸೋಲಿನ ಅನಂತರ ಬಹುಕಾಲ ವೆನಿಸ್ ಪೂರ್ವತೀರದ ಮೇಲೆ ಕೈಮಾಡಲಿಲ್ಲ.

ಇನ್ನು ಶಿಲೆಗಳ ವಿಚಾರ. ಆ ಕಾಲದ ಇಗರ್ಜಿಗಳಲ್ಲಿ ಜನರು ನಿಲ್ಲುವ ಅಂಕಣಕ್ಕೂ ಬಲಿಪೀಠವಿರುವ ಗರ್ಭಭಾಗಕ್ಕೂ ನಡುವೆ ಕಲ್ಲಿನ ತಡೆಯೊಂದನ್ನು ನಿಲ್ಲಿಸುತ್ತಿದ್ದರು. ಕೆಳಗೆ ಸೊಂಟದೆತ್ತರದ ಹಲಗೆಗಲ್ಲುಗಳು. ಅವುಗಳ ಮೇಲೆ ಸಣ್ಣ ಕಂಬಗಳು. ಕಂಬಗಳ ತಲೆಯ ಮೇಲೆ ಅಡ್ಡಲಾಗಿ ಹಾಯ್ದ ತೊಲೆಗಲ್ಲು. ಪಾದ್ರಿಯು ಹಾಯುವ ನಡುವಣ ಬಾಗಿಲಿನ ಮೇಲೆ ಕಮಾನಿನಿಂದ ಕೂಡಿದ ತ್ರಿಕೋಣಾಕಾರದ ನೆತ್ತಿಗಲ್ಲು. ಈ ಕಲ್ಲುಗಳ ಮುಖದ ಮೇಲೆಲ್ಲ ಮೂರೆಳೆಯ ದಾರವನ್ನು ಹೆಣೆದಂತೆ, ಬುಟ್ಟಿಯ ನೆಯ್ಗೆಯಂತೆ, ಒಂದರೊಳಗೊಂದು ತೂರಿ ಹೊರಳುವ ಬಳ್ಳಿಪಟ್ಟಿಯ ಕೆತ್ತನೆ ಇರುತ್ತಿತ್ತು. ಅದಕ್ಕೆ ಅಲ್ಲಿಯವರು ಪ್ಲೇತೆರ್ ಎಂದು ಹೆಸರಿಟ್ಟಿದ್ದಾರೆ. ಎಳೆಯ ಮೊದಲೆಲ್ಲಿ ಕೊನೆಯೆಲ್ಲಿ ಎಂದು ಕಣ್ಣಿನಿಂದ ಹಿಂಬಾಲಿಸಹೊರಟವನು ಬಂದ ಜಾಗಕ್ಕೇ ಮರಳಿ ಬರುತ್ತಾನೆ. ತೊಲೆಗಲ್ಲಿನ ಕೆಳಪಟ್ಟಿಯಲ್ಲಿ, ಒಳಗೆ ಬರುವ ಪ್ರತಿಯೊಬ್ಬನ ಕಣ್ಣಿಗೂ ಬೀಳುವಂತೆ, ಲ್ಯಾಟಿನ್ ಅಕ್ಷರಗಳ ಸಾಲು. ಬ್ರಾನಿಮಿರನ ಹೆಸರು ನಮಗೆ ಉಳಿದಿರುವುದು ಇಂತಹ ಸಾಲುಗಳಲ್ಲಿ.

ಇವುಗಳಲ್ಲಿ ಪ್ರಧಾನವಾದುದು ಬೆಂಕೊವಾತ್ಸ್ ಪಟ್ಟಣದ ಬಳಿಯ ಶೋಪೊತ್ ಗ್ರಾಮದ್ದು. ಒಡೆದ ತುಂಡುಗಳನ್ನು ಜೋಡಿಸಿ ಓದಿದಾಗ ಬ್ರಾನಿಮಿರನ ಹೆಸರೂ, ಅದರ ಮುಂದೆ ಕೋಮೆಸ್ ಎಂಬುದರ ಸಂಕ್ಷೇಪವೂ, ಬಳಿಕ ದುಕ್ಸ್ ಕ್ರುಆತೋರುಮ್, ಎಂದರೆ ಕ್ರೊಯೇಷಿಯದವರ ಒಡೆಯನೆಂಬ ಬಿರುದೂ ಸ್ಪಷ್ಟವಾಗಿ ತೋರುತ್ತವೆ. ಅದರ ಅನಂತರ ಸಂಕಲ್ಪಿಸಿದನು ಎಂಬ ಅರ್ಥದ ಕ್ರಿಯಾಪದದ ಮೊದಲ ಅಕ್ಷರಗಳು ಬಂದು ಕಲ್ಲು ಮುರಿದಿದೆ. ಏನನ್ನು ಸಂಕಲ್ಪಿಸಿದನೆಂಬ ಭಾಗ ಹೋಗಿಬಿಟ್ಟಿದೆ. ಕೆತ್ತಿದವನ ಲ್ಯಾಟಿನ್ ವ್ಯಾಕರಣ ಶುದ್ಧವಲ್ಲ: ಹೆಸರು ಒಂದು ವಿಭಕ್ತಿಯಲ್ಲಿದೆ, ಬಿರುದು ಮತ್ತೊಂದರಲ್ಲಿದೆ. ವ್ಯಾಕರಣದ ಈ ತಪ್ಪು ಆ ಕಲ್ಲನ್ನು ನಮಗೆ ಮತ್ತಷ್ಟು ಹತ್ತಿರಕ್ಕೆ ತರುತ್ತದೆ. ಲ್ಯಾಟಿನ್ ಅವನ ಮನೆಯ ಮಾತಾಗಿರಲಿಲ್ಲ, ಇಗರ್ಜಿಯ ಭಾಷೆಯಾಗಿತ್ತು. ತೃಪಿಮಿರನ ದಾನಪತ್ರದಲ್ಲಿರುವ ಬಿರುದನ್ನು ಪ್ರತಿಕಾರರು ತಿದ್ದಿರಬಹುದೇ ಎಂಬ ಶಂಕೆಗೆ ಅವಕಾಶವಿದೆ. ಶೋಪೊತಿನ ಶಿಲೆಗೆ ಅಂತಹ ಶಂಕೆ ತಟ್ಟಲಾರದು. ಉಳಿ ಬಿದ್ದ ಜಾಗದಲ್ಲಿಯೇ ಅಕ್ಷರ ನಿಂತಿದೆ. ಸ್ವತಃ ಆಳುವವನ ನಾಡಿನಲ್ಲಿ, ಅವನ ಜೀವಿತಕಾಲದಲ್ಲಿಯೇ, ಜನಾಂಗದ ಹೆಸರನ್ನು ಬಿರುದಿನಲ್ಲಿ ಕೂಡಿಸಿ ಕಲ್ಲಿನಲ್ಲಿ ಬರೆಸಿದುದನ್ನೇ ಬ್ರಾನಿಮಿರನ ಆಳ್ವಿಕೆಯ ಅತಿ ದೊಡ್ಡ ಕುರುಹೆಂದು ನಾನು ಎಣಿಸುತ್ತೇನೆ. ರೋಮಿನ ಓಲೆಗೂ ಇದಕ್ಕೆ ಮೇಲಾದ ಸ್ಥಾನವನ್ನು ಕೊಡಲಾರೆ.

ಸ್ಪ್ಲಿತ್‌ನ ಉತ್ತರಕ್ಕೆ ಬೆಟ್ಟಗಳಾಚೆ ಇರುವ ಗೊರ್ನ್ಯಿ ಮುಚ್ ಎಂಬ ಊರಿನಲ್ಲಿ 1871ರಲ್ಲಿ ದೊರೆತ ತೊಲೆಗಲ್ಲು ಮತ್ತೊಂದು ಕಾರಣದಿಂದ ಅಮೂಲ್ಯವಾದುದು: ಅದರಲ್ಲಿ ವರ್ಷವನ್ನು ಕೆತ್ತಿದ್ದಾರೆ. ಕ್ರಿಸ್ತನು ಪವಿತ್ರ ಕನ್ಯೆಯಿಂದ ದೇಹವನ್ನು ಧರಿಸಿದ ಮೇಲೆ ಎಂಟುನೂರ ಎಂಬತ್ತೆಂಟು ವರ್ಷಗಳು, ಆರನೆಯ ಇಂಡಿಕ್ಷನ್ ಎಂದು ಅದರ ಕಾಲನಿರ್ದೇಶ. ಇಂಡಿಕ್ಷನ್ ಎಂಬುದು ರೋಮನ್ನರ ಕಂದಾಯದ ಲೆಕ್ಕದಿಂದ ಹುಟ್ಟಿದ ಹದಿನೈದು ವರ್ಷಗಳ ಆವರ್ತ; ಕ್ರಿಸ್ತಶಕಕ್ಕೆ ಮೂರನ್ನು ಕೂಡಿಸಿ ಹದಿನೈದರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ವರ್ಷದ ಇಂಡಿಕ್ಷನ್. 888ಕ್ಕೆ ಮೂರು ಕೂಡಿದರೆ 891. ಐವತ್ತೊಂಬತ್ತು ಆವರ್ತಗಳು ಕಳೆದು ಆರು ಉಳಿಯುತ್ತದೆ. ಶಿಲ್ಪಿಗೆ ಅಕ್ಷರ ಬರೆದುಕೊಟ್ಟ ಪಾದ್ರಿಯ ಲೆಕ್ಕದಲ್ಲಿ ಒಂದಂಕಿಯೂ ತಪ್ಪಿಲ್ಲ. ಬೆಟ್ಟಗಳ ಮರೆಯ ಒಂದು ಸಣ್ಣ ಇಗರ್ಜಿಯಲ್ಲಿ ಕಾಲಗಣನೆಯನ್ನು ಇಷ್ಟು ನಿಖರವಾಗಿ ಬಲ್ಲವರಿದ್ದರೆಂಬುದನ್ನು ನೆನೆದಾಗ, ಆ ನಾಡನ್ನು ಬರಿಯ ಕಡಲ್ಗಳ್ಳರ ಬೀಡೆಂದು ಬಣ್ಣಿಸಿದ ವೆನಿಸಿನವರ ಮಾತನ್ನು ಎಷ್ಟು ಕಡಮೆ ನಂಬಬೇಕೆಂಬುದು ತಿಳಿಯುತ್ತದೆ. ಈ ಶಿಲೆ ಈಗ ಜಾಗ್ರೆಬ್ ನಗರದ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ.

ನಿನ್ ಪಟ್ಟಣದ ಶಿಲೆಯು ಥಿಯುಡೆಬೆರ್ಟ್ ಎಂಬ ಮಠಾಧಿಪತಿ ಮಾಡಿಸಿದ್ದು. ತನ್ನ ಕಾಲದ ಒಡೆಯನೆಂದು ಅವನು ಬ್ರಾನಿಮಿರನನ್ನು ಹೆಸರಿಸುತ್ತಾನೆ, ಆದರೆ ಬಿರುದು ಸ್ಲಾವರ ದುಕ್ಸ್ ಎಂದು. ಥಿಯುಡೆಬೆರ್ಟ್ ಎಂಬುದು ಸ್ಲಾವ್ ಹೆಸರಲ್ಲ, ಜರ್ಮಾನಿಕ್ ಹೆಸರು. ಫ್ರಾಂಕರ ಅಧಿಪತ್ಯ ಸಡಿಲಿದ ಮೇಲೆಯೂ ಅವರ ನಾಡಿನ ಸನ್ಯಾಸಿಗಳು ಇಲ್ಲಿ ನೆಲೆಸಿ ಕೆಲಸಮಾಡುತ್ತಿದ್ದರೆಂಬುದಕ್ಕೆ ಇದು ಸಾಕ್ಷಿ. ಸ್ಕ್ರಾದಿನ್ ಬಳಿಯ ಝ್ಡ್ರಾಪಾನ್ಯ್ ಎಂಬಲ್ಲಿನ ಶಿಲೆ ಬ್ರಾನಿಮಿರನ ಜೊತೆಗೆ ಪ್ರಿಸ್ತಿನಾ ಎಂಬ ಜುಪಾನನ ಹೆಸರನ್ನು ಹೇಳುತ್ತದೆ. ಒತ್ರೆಸಿನ ಶಿಲೆಯಲ್ಲಿ ಸಂತ ಪೇತ್ರ, ಮರಿಯಮ್ಮ ಮೊದಲಾದ ಸಂತರ ಹೆಸರುಗಳ ಸಾಲೇ ಇದೆ. ಇವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಇಗರ್ಜಿಗಳನ್ನು ಕಟ್ಟಿಸುವುದು ಅರಸನೊಬ್ಬನ ಕಾರ್ಯವಾಗಿರದೆ, ಜುಪಾನರೂ ಮಠಾಧಿಪತಿಗಳೂ ಕೈಹಾಕಿದ್ದ ನಾಡಿನ ಉದ್ಯಮವಾಗಿತ್ತೆಂದು ಗೊತ್ತಾಗುತ್ತದೆ. ಎಲ್ಲ ಶಾಸನಗಳೂ ಲ್ಯಾಟಿನ್ ಭಾಷೆಯವೇ. ಮೆಥೋಡಿಯಸನು 885ರಲ್ಲಿ ತೀರಿಕೊಂಡ ಮೇಲೆ ಮೊರೇವಿಯದಿಂದ ಅಟ್ಟಲ್ಪಟ್ಟ ಅವನ ಶಿಷ್ಯರು ದಕ್ಷಿಣದ ಕಡೆಗೆ ಚದರಿದರು; ಸ್ಲಾವ್ ಭಾಷೆಯನ್ನು ಬರೆಯಲು ಅವರು ಬಳಸುತ್ತಿದ್ದ ಗ್ಲಾಗೊಲಿಟಿಕ್ ಲಿಪಿಯು ಮುಂದೆ ಇದೇ ಕರಾವಳಿಯಲ್ಲಿ ಬೇರುಬಿಟ್ಟು ಶತಮಾನಗಳ ಕಾಲ ಬಾಳಿತು. ಬ್ರಾನಿಮಿರನ ಶಿಲೆಗಳಲ್ಲಿ ಮಾತ್ರ ಆ ಲಿಪಿಯ ಸುಳಿವಿಲ್ಲ.

ಅರಸನ ಗೃಹಜೀವನದ ಒಂದೇ ಒಂದು ಎಳೆ ನಮಗೆ ಸಿಕ್ಕಿರುವುದು ಇಟಲಿಯ ಚಿವಿದಾಲೆ ಪಟ್ಟಣದಲ್ಲಿರುವ ಒಂದು ಪ್ರಾಚೀನ ಶುಭಸಂದೇಶ ಗ್ರಂಥದಲ್ಲಿ. ಸಂತ ಮಾರ್ಕನೇ ಕೈಯಾರೆ ಬರೆದ ಭಾಗ ಅದರಲ್ಲಿದೆಯೆಂದು ಮಧ್ಯಯುಗದ ಭಕ್ತರು ನಂಬಿದ್ದರು. ಯಾತ್ರೆಗೆ ಬಂದವರು ತಮ್ಮ ಹೆಸರನ್ನು ಆ ಗ್ರಂಥದ ಅಂಚುಗಳಲ್ಲಿ ಬರೆಸಿಕೊಂಡರೆ ಪೂಜೆಯ ಪುಣ್ಯದಲ್ಲಿ ತಮಗೂ ಪಾಲು ದೊರೆಯುವುದೆಂದು ಭಾವಿಸುತ್ತಿದ್ದರು. ಹೀಗೆ ಸೇರಿದ ಸುಮಾರು 1500 ಹೆಸರುಗಳ ನಡುವೆ ತೃಪಿಮಿರನ ಹೆಸರೂ ಅವನ ಮಗ ಪೇತ್ರನ ಹೆಸರೂ ಇವೆ. ಬ್ರಾನಿಮಿರನ ಹೆಸರೂ ಇದೆ. ಅದರ ಪಕ್ಕದಲ್ಲಿ ಮರಿಯೋಸಾ ಎಂಬ ಅವನ ಪತ್ನಿಯ ಹೆಸರು. ಪೋಪನ ಓಲೆಗಳಲ್ಲಿ ಕಾಣದ, ಶಿಲೆಗಳಲ್ಲಿ ಕಾಣದ ಆ ಅರಸಿ ಈ ಅಂಚಿನ ಬರಹದಿಂದ ಮಾತ್ರ ನಮ್ಮ ಅರಿವಿಗೆ ಬಂದಿದ್ದಾಳೆ.

ಬ್ರಾನಿಮಿರನ ನೆನಪಿಗೆ ಎಲ್ಲಕ್ಕಿಂತ ಹತ್ತಿರವಾದ ಊರೆಂದರೆ ನಿನ್. ಆಳವಿಲ್ಲದ ಹಿನ್ನೀರಿನ ನಡುವೆ ತೇಲಿದಂತಿರುವ ಒಂದು ಪುಟ್ಟ ದ್ವೀಪದ ಮೇಲೆ ರೋಮನ್ನರ ಕಾಲದ ದೇವಾಲಯದ ಅಡಿಗಲ್ಲುಗಳಿವೆ; ಅನತಿದೂರದಲ್ಲಿ, ಮೂರು ಅರ್ಧವೃತ್ತದ ಗೂಡುಗಳೂ ನಡುವೆ ಗೋಪುರವೂ ಉಳ್ಳ ಪವಿತ್ರ ಶಿಲುಬೆಯ ಇಗರ್ಜಿ, ಸುಣ್ಣದ ಬಿಳುಪಿನಲ್ಲಿ, ಆಟಿಕೆಯಷ್ಟು ಚಿಕ್ಕದಾಗಿ ನಿಂತಿದೆ. ಸುತ್ತ ಉಪ್ಪಿನ ಗದ್ದೆಗಳು. ಥಿಯೊಡೋಸಿಯಸನ ಪೀಠವಿದ್ದುದು ಈ ಪಟ್ಟಣದಲ್ಲಿ. ಕ್ರೊಯೇಷಿಯದ ಅರಸರಿಗೆ ತಮ್ಮದೇ ಆದ ಧರ್ಮಾಧ್ಯಕ್ಷನೆಂದರೆ ನಿನ್‌ನವನು. ಬೈಜಾಂಟಿಯಮ್ಮಿನ ಅಧೀನದಲ್ಲಿದ್ದ ಸ್ಪ್ಲಿತ್‌ನ ಮಹಾಧರ್ಮಾಧ್ಯಕ್ಷನೊಡನೆ ಈ ಪೀಠಕ್ಕೆ ಹುಟ್ಟಿದ ಸ್ಪರ್ಧೆ ಮುಂದಿನ ಅರ್ಧ ಶತಮಾನದ ಧಾರ್ಮಿಕ ರಾಜಕೀಯವನ್ನೆಲ್ಲ ವ್ಯಾಪಿಸಿತು.

892ರ ಸೆಪ್ಟೆಂಬರ್ 28ರ ಹೊತ್ತಿಗೆ ಅಧಿಕಾರ ತೃಪಿಮಿರನ ಮಗನಾದ ಮುಂತ್ಸಿಮಿರನ ಕೈಗೆ ಬಂದಿತ್ತು. ಆ ದಿನ ಬಿಯಾಚಿಯಲ್ಲಿ ಅವನು ಹೊರಡಿಸಿದ ಪತ್ರವು, ಪುತಾಲ್ಯ್ ಎಂಬಲ್ಲಿದ್ದ ಸಂತ ಜಾರ್ಜನ ಇಗರ್ಜಿಗಾಗಿ ಸ್ಪ್ಲಿತ್‌ನ ಮಹಾಧರ್ಮಾಧ್ಯಕ್ಷನಾದ ಪೇತ್ರನಿಗೂ ನಿನ್‌ನ ಧರ್ಮಾಧ್ಯಕ್ಷನಿಗೂ ನಡೆದ ವಾದವನ್ನು ಸ್ಪ್ಲಿತ್‌ನ ಪರವಾಗಿ ತೀರ್ಮಾನಿಸುತ್ತದೆ. ತಾನು ತಂದೆಯ ಗದ್ದುಗೆಯ ಮೇಲೆ ಕುಳಿತಿರುವೆನೆಂದು ಅದರಲ್ಲಿ ಮುಂತ್ಸಿಮಿರನು ಒತ್ತಿ ಹೇಳಿಕೊಳ್ಳುತ್ತಾನೆ. ಬ್ರಾನಿಮಿರನ ಹೆಸರು ಆ ಪತ್ರದಲ್ಲಿಲ್ಲ. ತೃಪಿಮಿರನ ವಂಶ ಹೀಗೆ ಗದ್ದುಗೆಯನ್ನು ಮರಳಿ ಪಡೆದರೂ, ಬ್ರಾನಿಮಿರನು ಹಿಡಿದ ರೋಮಿನ ದಾರಿಯನ್ನು ಅದು ಬಿಡಲಿಲ್ಲ. 928ರಲ್ಲಿ ಸ್ಪ್ಲಿತ್‌ನಲ್ಲಿ ಸೇರಿದ ಧರ್ಮಸಭೆ ನಿನ್ ಪೀಠವನ್ನೇ ರದ್ದುಮಾಡಿದಾಗಲೂ ಆ ತೀರ್ಮಾನವನ್ನು ಸ್ಥಿರಪಡಿಸಿದುದು ರೋಮೇ.

ಶಿಲೆಗಳು ಮಣ್ಣಿನಿಂದ ಮೇಲಕ್ಕೆ ಬರಲು ತೊಡಗಿದುದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಲುಯೊ ಮಾರುನ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯು ಕ್ನಿನ್ ಸುತ್ತಣ ಹೊಲಗಳನ್ನೂ ಹಾಳುಬಿದ್ದ ಇಗರ್ಜಿಗಳನ್ನೂ ಅಗೆಸಿ ದೊರೆತ ಕಲ್ಲುಗಳನ್ನು ಕೂಡಿಹಾಕಿ 1893ರಲ್ಲಿ ಒಂದು ಸಂಗ್ರಹಾಲಯವನ್ನು ತೆರೆದನು. ಅದೇ ಈಗ ಸ್ಪ್ಲಿತ್ ನಗರದಲ್ಲಿರುವ ಕ್ರೊಯೇಷಿಯದ ಪುರಾತತ್ತ್ವ ಸ್ಮಾರಕಗಳ ಸಂಗ್ರಹಾಲಯವಾಗಿ ಬೆಳೆದಿದೆ. ಶೋಪೊತಿನ ಶಿಲೆಯನ್ನು ನೋಡಬೇಕಾದುದು ಅಲ್ಲಿ. ಪೋಪನ ಓಲೆ ಬಂದು 1100 ವರ್ಷಗಳು ತುಂಬಿದ 1979ನ್ನು ಕ್ರೊಯೇಷಿಯದ ಧರ್ಮಸಭೆಯು ಬ್ರಾನಿಮಿರನ ವರ್ಷವೆಂದು ಆಚರಿಸಿತು. ಸೆಪ್ಟೆಂಬರ್ 2ರಂದು ನಿನ್‌ನಲ್ಲಿ ನಡೆದ ಮಹಾಪೂಜೆಗೆ ದೇಶದ ಎಲ್ಲ ಮೂಲೆಗಳಿಂದಲೂ ಬಂದ ಜನಸ್ತೋಮವು ಆ ಪುಟ್ಟ ದ್ವೀಪದಲ್ಲಿ ಹಿಡಿಸದೆ ಸುತ್ತಣ ಬಯಲಿನಲ್ಲೆಲ್ಲ ತುಂಬಿಕೊಂಡಿತು.